ಗೇಟು ತೆರೆದೇ ಇತ್ತು, ಅಂದೆ

ಆ ಗೇಟನ್ನು ತೆರೆದು ಬಿಟ್ಟು ಹೋದವಳು ನಾನು. ಮರುದಿನ ಕೇಳಿದಾಗ ಸುಳ್ಳು ಹೇಳಿದವಳೂ ನಾನೇ. ಮೊದಲನೆಯದನ್ನು ಸೋಮಾರಿತನ ಎನ್ನಬಹುದೇನೋ. ಎರಡನೆಯದಕ್ಕೆ ಏನೆನ್ನಬೇಕು ಎಂದು ಆರು ವರ್ಷ ಯೋಚಿಸುವುದಕ್ಕೂ ಹೋಗಲಿಲ್ಲ.

ನಮ್ಮದು ಚಿಕ್ಕಬಳ್ಳಾಪುರ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನ್ನ ಗಂಡನಿಗೆ ಹಳೆಯ ಜೀಪಿನ ಹುಚ್ಚು. ಮದುವೆಯಾದ ಎರಡನೇ ವರ್ಷಕ್ಕೆ ಅದು ನನಗೂ ಹಿಡಿಯಿತು. ಭಾನುವಾರ ಬಂತೆಂದರೆ ಟಾರು ರಸ್ತೆ ಬಿಟ್ಟು ಬಂಡಿದಾರಿ, ಕೆರೆಯಂಗಳ, ಬಂಡೆಗಳ ಸಂದು ಹಿಡಿದು ಹೊರಡುತ್ತಿದ್ದೆವು. ನಮ್ಮಂತೆಯೇ ಏಳೆಂಟು ಮನೆಯವರ ಒಂದು ಗುಂಪಿತ್ತು. ನಮ್ಮ ಜೀಪು ಓಡಿಸುವವರು ನನ್ನ ಗಂಡ, ನಾನು ಇಳಿದು ಗೇಟು ತೆಗೆಯುವವಳು. ಗುಂಪಿಗಾಗಿ ದಾರಿಯ ಟಿಪ್ಪಣಿ ಬರೆಯುವುದೂ ನನ್ನ ಕೆಲಸವೇ. ‘ಹಿಪ್ಪುನೇರಳೆ ತೋಟ ದಾಟಿದ ಮೇಲೆ ಬಿದಿರಿನ ತಡಿಕೆ — ಎಳೆಯಬೇಡಿ, ಎತ್ತಿ ಪಕ್ಕಕ್ಕಿಡಿ.’ ‘ದ್ರಾಕ್ಷಿ ತೋಟದ ಕಬ್ಬಿಣದ ಗೇಟು — ಚಿಲಕ ಒಳಗಡೆ ಇದೆ, ಕೈ ತೂರಿಸಬೇಕು.’ ಹೀಗೆ ಬರೆಯುವುದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಶಿಡ್ಲಘಟ್ಟ ದಾಟಿ ಚಿಂತಾಮಣಿ ಕಡೆ ಹೋಗುವಾಗ ಎಡಕ್ಕೊಂದು ಮಣ್ಣುದಾರಿ ಹೊರಳುತ್ತದೆ. ಅದು ಮುನಿಶಾಮಪ್ಪನವರ ಜಮೀನಿನೊಳಗೇ ಹಾದು ಗುಡ್ಡದ ಬುಡ ಸೇರುತ್ತದೆ. ಮೊದಲ ಸಲ ಹೋದಾಗ ಅವರು ನಮ್ಮನ್ನು ತಡೆಯಲಿಲ್ಲ. ಸೊಸೆ ರತ್ನಮ್ಮನಿಗೆ ಹೇಳಿ ಕಾಫಿ ಮಾಡಿಸಿದರು. ಕೇಳಿದ್ದು ಒಂದೇ ಮಾತು.

“ಗೇಟು ಹೆಂಗಿತ್ತೋ ಹಂಗೇ ಬಿಟ್ಟು ಹೋಗಿ ಮೇಡಂ. ಮುಚ್ಚಿದ್ರೆ ಮುಚ್ಚಿ. ತೆಗ್ದಿದ್ರೆ ತೆಗ್ದೇ ಇರ್ಲಿ, ನಾವು ಏನಕ್ಕೋ ತೆಗ್ದಿರ್ತೀವಿ.”

ಹಳೆಯ ಕಬ್ಬಿಣದ ಮಂಚದ ಚೌಕಟ್ಟಿಗೆ ಮುಳ್ಳುತಂತಿ ಸುತ್ತಿ ಮಾಡಿದ ಗೇಟು ಅದು. ಒಂದು ಬದಿಯನ್ನು ಟ್ಯೂಬಿನ ರಬ್ಬರಿನಿಂದ ಕಲ್ಲುಕಂಬಕ್ಕೆ ಕಟ್ಟಿದ್ದರು, ಇನ್ನೊಂದು ಬದಿಗೆ ಕೊಕ್ಕೆ. ತೆಗೆಯಬೇಕಾದರೆ ಇಡೀ ಗೇಟನ್ನು ಮೇಲಕ್ಕೆತ್ತಿ ಅರ್ಧಸುತ್ತು ಎಳೆಯಬೇಕು. ಅದರಾಚೆ, ಪಕ್ಕದವರ ಹೊಲದಲ್ಲಿ, ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡ. ಅದನ್ನೂ ನಾನು ಟಿಪ್ಪಣಿಯಲ್ಲಿ ಬರೆದಿದ್ದೆ — ‘ಹೊಂಡದ ಅಂಚು ಜಾರುತ್ತದೆ, ಹುಷಾರು.’ ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ.

ಆ ಭಾನುವಾರ ಬೆಳಿಗ್ಗೆ ಮಳೆ ನಿಂತು ಒಂದು ಗಂಟೆಯಾಗಿತ್ತಷ್ಟೆ. ಇಳಿದು ಗೇಟು ತೆಗೆದೆ. ಜೀಪು ಆಚೆ ಹೋಯಿತು. ನನ್ನ ಚಪ್ಪಲಿ ಕೆಸರಿನಲ್ಲಿ ಹೂತು ಬಾರು ಕಿತ್ತುಬಂತು. ಒಂದು ಕೈಯಲ್ಲಿ ಚಪ್ಪಲಿ, ಒಂದು ಕೈಯಲ್ಲಿ ಸೀರೆಯ ನೆರಿಗೆ — ಮತ್ತೆ ಆ ಭಾರವನ್ನು ಎತ್ತಬೇಕಲ್ಲ ಅನ್ನಿಸಿತು. ಹೋಗಿ ಜೀಪು ಹತ್ತಿಬಿಟ್ಟೆ.

“ಗೇಟು?” ಎಂದರು ಇವರು.

“ಇದೇ ದಾರೀಲಿ ವಾಪಸ್ ಬರ್ತೀವಲ್ಲ, ಆಗ ಹಾಕಿದ್ರಾಯ್ತು.”

ಆದರೆ ಗುಡ್ಡದ ಹಿಂದೆ ಕೆರೆಯಂಗಳಕ್ಕೆ ಇಳಿಯುವ ಹೊಸ ದಾರಿಯೊಂದು ಸಿಕ್ಕಿತು. ಅದು ನೇರ ದೊಡ್ಡ ರಸ್ತೆಗೇ ಬಿಟ್ಟಿತು. ಹೊಸ ದಾರಿ ಕಂಡ ಖುಷಿಯಲ್ಲಿ... ಇಲ್ಲ, ಮರೆತೆ ಎಂದು ಬರೆಯಲಾರೆ. ನಂದಿಯ ಹತ್ತಿರ ಟೀ ಕುಡಿಯುವಾಗ ಗೇಟು ನೆನಪಾಗಿತ್ತು. ಮತ್ತೆ ಅಷ್ಟು ದೂರ ಯಾರು ಹೋಗುತ್ತಾರೆ ಎಂದುಕೊಂಡು ಇನ್ನೊಂದು ಬನ್ನು ತರಿಸಿಕೊಂಡೆ.

ಮರುದಿನ ಕಾಲೇಜಿಗೆ ಹೊರಟಿದ್ದೆ. ಮುನಿಶಾಮಪ್ಪನವರ ಫೋನು ಬಂತು.

“ಬೇಜಾರು ಮಾಡ್ಕೋಬೇಡಿ ಮೇಡಂ. ನಮ್ ಕೆಂಪಿ ಪಕ್ಕದ ಹೊಂಡಕ್ಕೆ ಬಿದ್ದು ಹೋಗ್ಬಿಡ್ತು. ಮಧ್ಯಾಹ್ನ ಮೇಯಕ್ಕೆ ಬಿಟ್ಟಿದ್ವಿ. ನಿನ್ನೆ ನೀವು ಬಂದಾಗ ಗೇಟು ಹೆಂಗಿತ್ತು?”

ಕೆಂಪಿಯನ್ನು ನಾನು ಬಲ್ಲೆ. ಚಿಂತಾಮಣಿ ಹತ್ತಿರದ ತವರಿನಿಂದ ರತ್ನಮ್ಮ ಕರುವಾಗಿ ತಂದು ಸಾಕಿದ ಹಸು. ಆಗ ಗಬ್ಬವಾಗಿತ್ತು. ಪ್ಲಾಸ್ಟಿಕ್ಕಿನ ಮೇಲೆ ಗೊರಸು ನಿಲ್ಲದೆ ಅದೆಷ್ಟು ಹೊತ್ತು ಒದ್ದಾಡಿತೋ —

ಆಗ ನಾನು ಆಡಿದ ಮಾತು ಇದು: “ತೆರೆದೇ ಇತ್ತಲ್ಲ. ನೀವೇ ಹೇಳಿದ್ರಲ್ಲ ಅಂತ ಹಂಗೇ ಬಿಟ್ವಿ.”

ಒಂದು ಕ್ಷಣವೂ ಯೋಚಿಸಿರಲಿಲ್ಲ. ಅವರು ಹೇಳಿಕೊಟ್ಟ ನಿಯಮವನ್ನೇ ಎತ್ತಿ ಅವರ ಮುಂದೆ ಹಿಡಿದೆ.

“ಹಂಗಾದ್ರೆ ನಮ್ ರತ್ನಮ್ಮನೇ. ಬೆಳಗ್ಗೆ ಹುಲ್ಲಿಗೆ ಹೋಗಿ ಬಂದಿದ್ದು ಅವಳೇ. ಮುಚ್ಚಿದೀನಿ ಮುಚ್ಚಿದೀನಿ ಅಂತಾವ್ಳೆ, ಪಾಪ,” ಎಂದರು. ಫೋನಿನ ಹಿಂದೆ ಯಾರೋ ಅಳುವುದು ಕೇಳಿಸುತ್ತಿತ್ತು. ಅವರು ಆ ಕಡೆ ತಿರುಗಿ, “ಸರೇ ಲೇಮ್ಮಾ, ಬಿಡು,” ಎಂದು ತೆಲುಗು ಬೆರೆಸಿ ಸಮಾಧಾನ ಹೇಳುತ್ತಿದ್ದರು. ಆಗಲೂ ಬಾಯಿ ಬಿಡಬಹುದಿತ್ತು. ಫೋನು ಇಟ್ಟೆ.

ಆಮೇಲೆ ಆ ದಾರಿಯನ್ನು ಟಿಪ್ಪಣಿಯಿಂದ ಅಳಿಸಿದೆ. ಗುಂಪಿನವರು ಕೇಳಿದರೆ, ಮಳೆಗೆ ಕೊಚ್ಚಿಹೋಗಿದೆ ಎಂದೆ. ಹೊಸಬರಿಗೆ ಮಾತ್ರ ಪ್ರತಿ ಸಲವೂ ಹೇಳುತ್ತಿದ್ದೆ — ತೆಗೆದ ಗೇಟು ಮುಚ್ಚದೆ ಜೀಪು ಹತ್ತಬೇಡಿ ಎಂದು.

ಕಳೆದ ತಿಂಗಳು ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ರತ್ನಮ್ಮ ಸಿಕ್ಕಳು. “ಅಕ್ಕಾ, ಎಷ್ಟು ವರ್ಷ ಆಯ್ತು!” ಎಂದು ಅವಳೇ ಕೈ ಹಿಡಿದುಕೊಂಡಳು. ಮಾತಾಡುತ್ತಲೇ ಮೊಬೈಲು ತೆಗೆದು ಏನನ್ನೋ ನೋಡಿಕೊಂಡಳು, ಮತ್ತೆ ನೋಡಿಕೊಂಡಳು. ನಾನು ನೋಡುವುದನ್ನು ಕಂಡು ನಕ್ಕಳು.

“ಬೀಗದ ಫೋಟೋ ಅಕ್ಕ. ಮನೆ ಬಿಡೋವಾಗ ತೆಗ್ದಿಟ್ಕೋತೀನಿ. ಇಲ್ಲಾಂದ್ರೆ ಹಾಕಿದ್ನೋ ಇಲ್ವೋ ಅಂತ ಜೀವ ಹೊಡ್ಕೊಳ್ಳುತ್ತೆ. ಕೆಂಪಿ ಹೋದ್ಮೇಲೆ ನನ್ ತಲೆ ಮೇಲೆ ನನಗೇ ನಂಬಿಕೆ ಇಲ್ಲ. ಮಾವ ಒಂದ್ ಮಾತೂ ಬೈಲಿಲ್ಲ ಕಣಕ್ಕ. ದನಗಳ ಕೆಲ್ಸ ಮಾತ್ರ ಮತ್ತೆ ನನ್ ಕೈಗೆ ಕೊಡ್ಲೇ ಇಲ್ಲ.”

ಬೆರಳಿನಿಂದ ಸರಿಸುತ್ತಾ ತೋರಿಸಿದಳು. ಬೀಗ, ಗ್ಯಾಸ್ ಒಲೆಯ ನಾಬು, ಮತ್ತೆ ಬೀಗ, ಬೀಗ, ಬೀಗ. ಅವಳ ಬಸ್ಸು ಬಂತು. ಹೋದಳು. ಅವರಿಂದ ಹಸುವೊಂದನ್ನಷ್ಟೇ ಕಿತ್ತುಕೊಂಡೆ ಎಂದುಕೊಂಡಿದ್ದೆ ನಾನು.

ಹೋದ ಭಾನುವಾರ ಬಸ್ಸಿನಲ್ಲಿ ಒಬ್ಬಳೇ ಹೋದೆ. ಮುನಿಶಾಮಪ್ಪ ಜಗಲಿಯ ಮೇಲಿದ್ದರು. ರತ್ನಮ್ಮ ರೇಷ್ಮೆ ಹುಳುವಿಗೆ ಹಾಕಲು ಸೊಪ್ಪು ಬಿಡಿಸುತ್ತಿದ್ದಳು. ಕೂರಲಿಲ್ಲ. ನಿಂತೇ ಹೇಳಿದೆ — ಅವತ್ತು ಗೇಟು ಮುಚ್ಚಿತ್ತು, ತೆಗೆದದ್ದು ನಾನು, ಹಾಗೇ ಬಿಟ್ಟು ಹೋದದ್ದು ನಾನು, ಫೋನಿನಲ್ಲಿ ಹೇಳಿದ್ದು ಸುಳ್ಳು.

ಮುನಿಶಾಮಪ್ಪ ನನ್ನ ಮುಖ ನೋಡಲಿಲ್ಲ, ಸೊಸೆಯ ಕಡೆ ನೋಡಿದರು. “ಆರು ವರ್ಷ ಇವಳ್ನ...” ಎಂದರು.

ರತ್ನಮ್ಮನ ಕೈ ಸೊಪ್ಪಿನಲ್ಲೇ ನಿಂತಿತ್ತು. “ಕೊಕ್ಕೆ ಹಾಕಿತ್ತಾ?”

“ಹಾಕಿತ್ತು. ಅದರ ಮೇಲೆ ತಂತೀನೂ ಸುತ್ತಿತ್ತು.”

“ಎರಡು ಸುತ್ತು,” ಎಂದಳು. “ನೆನಪಿತ್ತು ನನಗೆ. ಸುತ್ತಿದ್ದು, ಬೆರಳಿಗೆ ಚುಚ್ಚಿದ್ದು, ಎಲ್ಲಾ ನೆನಪಿತ್ತು. ನೀವು ಓದಿದೋರು, ತೆಗ್ದಿತ್ತು ಅಂದ್ರಲ್ಲ... ನನ್ ನೆನಪೇ ಸುಳ್ಳು ಅಂದ್ಕೊಂಡೆ.”

ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಎದ್ದು, ಒಳಗೆ ಹೋಗುತ್ತಾ ತಿರುಗದೆಯೇ ಹೇಳಿದಳು. “ಹೋಗ್ಬನ್ನಿ ಅಕ್ಕ. ಇನ್ನೊಂದ್ಸಲ ಬರ್ಬೇಡಿ.”

ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ, ಎದುರಿಗೆ ನಿಂತವರನ್ನು ನೋಯಿಸಬಾರದೆಂದು ಅವಳು ಹೂಂ ಅಂದುಬಿಡುತ್ತಿದ್ದಳೇನೋ. ಅದನ್ನೂ ಅವಳಿಂದ ಇಸಿದುಕೊಂಡು ಬರುವುದು ಬೇಡ ಎನ್ನಿಸಿತು.