ಉಬ್ಬರ ಬಂದ ಹಾಡಿನ ಡಬ್ಬಿ

ಚಿಕ್ಕಹನುಮಂತಪ್ಪನ ಮನೆಗೆ ಬಂದ ಯಾವ ವಸ್ತುವೂ ಅಲ್ಲಿ ಮುದಿಯಾಗಿದ್ದಿಲ್ಲ. ಈ ವಾರ ಬಂದ ಸೈಕಲ್ಲು ಮುಂದಿನ ಸಂತೆಗೆ ಹೊರಟಿರುತ್ತಿತ್ತು. ಗೋಡೆಯ ಗಡಿಯಾರ ಮೊಳೆಗೆ ಒಗ್ಗಿಕೊಳ್ಳುವ ಮೊದಲೇ ಇನ್ನೊಬ್ಬರ ಗೋಡೆ ಸೇರುತ್ತಿತ್ತು. ಮದುವೆಯಲ್ಲಿ ಮಾವ ಕೊಟ್ಟ ಹೋರಿಗರುವನ್ನು, ಮೈಗೆ ಹಚ್ಚಿದ ಅರಿಸಿನ ಆರುವ ಮುನ್ನವೇ ಮಾವನ ಊರಿನವನಿಗೇ ಮಾರಿ ಬಂದ ಭೂಪ ಆತ.

ಹರೆಯದಿಂದಲೂ ಹೊನ್ನಾಳಿ ಸಂತೆಯಲ್ಲಿ ದನದ ದಲ್ಲಾಳಿ. ಬಾಯಿ ಅಗಲಿಸಿ ಹಲ್ಲು ನೋಡುವುದು, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದು, ಮುದಿ ಎತ್ತಿನ ಕೋಡು ಹೆರೆದು ಎಣ್ಣೆ ಸವರಿ ಹರೆಯ ಬರಿಸುವುದು, ಇವೆಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ಟ್ರ್ಯಾಕ್ಟರುಗಳು ಬಂದು ಎತ್ತುಗಳು ಕಮ್ಮಿಯಾದವು. ಎತ್ತು ಹೋದರೇನು, ಸುಳ್ಳು ನಂಬುವ ಜನ ಇನ್ನೂ ಇದ್ದರಲ್ಲ. ಅವನು ಹಳೆಯ ಹಾಡಿನ ಡಬ್ಬಿಗಳ ವ್ಯಾಪಾರಕ್ಕಿಳಿದ. ಹೊಲಕ್ಕೆ, ಕಣಕ್ಕೆ, ಅಡಿಕೆ ಸುಲಿಯುವ ಶೆಡ್ಡಿಗೆ ಜನ ಕೈಯಲ್ಲಿ ಹಿಡಿದು ಒಯ್ಯುವ ಸ್ಪೀಕರುಗಳು ಅವು. ಊರವರ ಬಾಯಲ್ಲಿ ಬರೀ ‘ಬಾಕ್ಸು’. ಚಾರ್ಜು ಹಾಕುವ ತೂತನ್ನು, ಹಲ್ಲು ನೋಡುವ ಹಾಗೆ, ಬೆಳಕಿಗೆ ಹಿಡಿದು ನೋಡುತ್ತಿದ್ದ. ಕೊಬ್ಬರಿ ಎಣ್ಣೆ ಸವರಿ ಮಿರುಗಿಸುತ್ತಿದ್ದ. ಬ್ಯಾಟರಿಯ ಮಾತು ಯಾರಾದರೂ ಎತ್ತಿದರೆ, “ಎತ್ತಿನ ಹೊಟ್ಟೆಯೊಳಗೆ ಏನೈತೆ ಅಂತ ನಿಮ್ಮಪ್ಪ ಯಾವತ್ತಾದ್ರೂ ಕೇಳಿದ್ನೇನೋ?” ಎಂದು ಬಾಯಿ ಮುಚ್ಚಿಸುತ್ತಿದ್ದ.

ಅವನ ಕೈಗೆ ದಕ್ಕದೆ ಉಳಿದ ಬಾಕ್ಸು ಒಂದೇ. ಅದು ಹೆಂಡತಿ ಗಿಡ್ಡಮ್ಮನದು.

ಗಿಡ್ಡಮ್ಮ ಅಡಿಕೆ ಸುಲಿಯುವ ಹೆಂಗಸರ ಗುಂಪಿನ ಯಜಮಾನಿ. ಸಾಸ್ವೆಹಳ್ಳಿ ಪಕ್ಕದ ಶೆಡ್ಡಿನಲ್ಲಿ ಕತ್ತಿಯ ಮುಂದೆ ಕೂತರೆ ಏಳುವುದು ಹೊತ್ತಿಳಿದ ಮೇಲೆಯೇ. ಹಾಡಿದ್ದರೆ ಕೈ ತಾನಾಗಿ ಓಡುತ್ತದೆ. ಹಾಡು ನಿಂತರೆ ಕೈ ನಿಂತು ನಾಲಿಗೆ ಓಡುತ್ತದೆ. ಯಾರ ಸೊಸೆ ಯಾರ ಕೋಳಿ ಹಿಡಿದಳು ಎಂಬಲ್ಲಿಂದ ಶುರುವಾಗಿ ಜುಟ್ಟಿಗೆ ಕೈ ಹಾಕುವತನಕ ಹೋಗುತ್ತದೆ. ಗಿಡ್ಡಮ್ಮನ ಬಾಕ್ಸಿಗೆ ವಯಸ್ಸಾಗಿತ್ತು. ರಾತ್ರಿಯೆಲ್ಲ ಕರೆಂಟು ಕುಡಿದು, ಬೆಳಿಗ್ಗೆ ಮೊದಲ ಬುಟ್ಟಿ ತುಂಬುವ ಮುಂಚೆ ಕುಂಯ್ ಎಂದು ಮಲಗಿಬಿಡುತ್ತಿತ್ತು. ಇತ್ತ ಇನ್ನೊಂದು ಗುಂಪಿನ ಯಜಮಾನಿ ಸಾವಂತ್ರಮ್ಮನಿಗೆ ಕೆಂಪು ನೀಲಿ ಲೈಟಿನ ಹೊಸ ಬಾಕ್ಸು ಬಂದಿತ್ತು. ಗಿಡ್ಡಮ್ಮನ ಹೆಂಗಸರ ಕಣ್ಣು ಆ ಕಡೆಗೇ ವಾಲುತ್ತಿತ್ತು. ಹೆಂಗಸರು ಹೋದರೆ ಗುಂಪಿಲ್ಲ; ಗುಂಪಿಲ್ಲದಿದ್ದರೆ ಗಿಡ್ಡಮ್ಮ ಈ ಸುಗ್ಗಿಗೆ ಸಾವಂತ್ರಮ್ಮನ ಕೈಕೆಳಗೆ ಕೂಲಿಗೆ ಕೂರಬೇಕು. ಅದಕ್ಕಿಂತ ತವರಿಗೆ ಹೋಗಿ ಅತ್ತಿಗೆಯ ಮುಸುರೆ ತಿಕ್ಕುವುದು ವಾಸಿ ಎಂಬುದು ಅವಳ ಲೆಕ್ಕ.

“ಬ್ಯಾಟ್ರಿ ಹಾಕಿಸ್ಕಂಡು ಬರ್ರಿ ಅಂತ ಎಷ್ಟು ಸಲ ಬಡ್ಕಳ್ಳಾದು?” ಎಂದು ಸಂತೆಗೆ ಹೊರಟ ಗಂಡನ ಕೈಗೆ ಬಾಕ್ಸನ್ನೂ ದುಡ್ಡನ್ನೂ ಇಟ್ಟಳು.

“ಮುದಿ ಎತ್ತಿಗೆ ಹಿಂಡಿ ಹಾಕಾಕೆ ನನಗೇನು ಹುಚ್ಚೇನೇ? ಮಾರಿ, ಹರೇದೊಂದು ತರ್ತೀನಿ.”

“ಅದನ್ನ ಮಾರಿದ್ರೆ ಮನೆಗೆ ಬರಬ್ಯಾಡ್ರಿ. ನಿಮ್ಮನ್ನೂ ಅಲ್ಲೇ ಯಾರಾದ್ರೂ ಹಗ್ಗ ಹಾಕಿ ಹೊಡ್ಕಂಡು ಹೋಗ್ಲಿ.”

ಹೊನ್ನಾಳಿ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಮಮತಾ ಬಾಕ್ಸಿನ ಹಿಂದಿನ ಮುಚ್ಚಳ ಬಿಚ್ಚಿದಳು. ಒಳಗಿನ ಚಪ್ಪಟೆ ಬ್ಯಾಟರಿ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿ ಕೂತಿತ್ತು.

“ಇದು ಹೋಗೈತೆ ಕಣಣ್ಣ. ಹೊಸದು ಹಾಕ್ಬೇಕು. ಉಂಡು ಹಾಕಿಕೊಡ್ತೀನಿ, ಅಲ್ಲಿಗಂಟ ಇದನ್ನ ಮುಟ್ಟಬ್ಯಾಡ್ರಿ.” ಎಷ್ಟಾಗುತ್ತದೆಂಬುದನ್ನೂ ಹೇಳಿದಳು.

“ಬಾಕ್ಸು ಮಾರಿದ್ರೂ ಅಷ್ಟು ಬರಲ್ಲ ಕಣಮ್ಮ.”

“ಬರಲ್ಲ,” ಎಂದು ಅವಳು ಬುತ್ತಿ ಬಿಚ್ಚಿದಳು.

ಅವಳು ಎರಡನೇ ತುತ್ತು ಎತ್ತುವಷ್ಟರಲ್ಲಿ ಚಿಕ್ಕಹನುಮಂತಪ್ಪ ಬಾಕ್ಸನ್ನು ಕಂಕುಳಿಗೆ ಸೇರಿಸಿಕೊಂಡು ಸಂತೆಮಾಳದಲ್ಲಿದ್ದ. ಅಲ್ಲಿ ನ್ಯಾಮತಿ ಕಡೆಯ ರೈತ ತಿಪ್ಪೇಶ್, ಮೆಕ್ಕೆಜೋಳಕ್ಕೆ ಬೀಳುವ ಹಂದಿಗಳನ್ನು ಓಡಿಸಲು ಬಾಕ್ಸೊಂದನ್ನು ಹುಡುಕುತ್ತಿದ್ದ. ಇಬ್ಬರೂ ಹುಣಸೆಮರದ ಬುಡದಲ್ಲಿ ಕೂತು ಟವೆಲಿನೊಳಗೆ ಕೈ ಇಟ್ಟರು. ಬೆರಳುಗಳು ಒಂದು ಬೆಲೆಯ ಹತ್ತಿರ ಬರುವಾಗ ತಿಪ್ಪೇಶನ ಕಣ್ಣು ಕೂರದೆ ಎದ್ದು ನಿಂತ ಮುಚ್ಚಳದ ಮೇಲೆ ಬಿತ್ತು.

“ಇದ್ಯಾಕೆ ಚಿಕ್ಕಣ್ಣ, ಬೆನ್ನು ಎದ್ದೈತಲ್ಲ?”

“ಉಬ್ಬರ ಕಣೋ. ಹಸಿ ಸೊಪ್ಪು ಜಾಸ್ತಿ ಮೇದ ದನಕ್ಕೆ ಬರಲ್ವೇ, ಹಂಗೆ. ಗಾಳಿ ಬಿಟ್ರೆ ಇಳಿತೈತೆ.”

ಬಾಯಿಗೆ ಬಂದದ್ದನ್ನು ಆಡಿದ್ದ. ಆಡಿದ ಮೇಲೆ ತನಗೇ ಅದು ಸರಿ ಎನ್ನಿಸಿತು. ಹೊಟ್ಟೆ ಉಬ್ಬಿ ಕಾಲು ಬಡಿಯುತ್ತಿದ್ದ ಎಷ್ಟೋ ದನಗಳ ಪಕ್ಕೆಗೆ ಚುಚ್ಚಿ ಗಾಳಿ ಬಿಟ್ಟು ಬದುಕಿಸಿದ ಕೈ ಅದು. ಅಂಥವನಿಗೆ ಅಂಗೈಯಗಲದ ಈ ಪೂರಿ ಯಾವ ಲೆಕ್ಕ? ಚೀಲ ಹೊಲಿಯುವವನಿಂದ ದಬ್ಬಣ ಇಸಿದುಕೊಂಡ. ದನಕ್ಕಾದರೆ ಎಡ ಪಕ್ಕೆಗೇ ಚುಚ್ಚಬೇಕು. ಬಾಕ್ಸನ್ನು ಹಿಂದೆ ಮುಂದೆ ತಿರುಗಿಸಿ ಅದರ ಎಡ ಯಾವುದೆಂದು ಗೊತ್ತು ಮಾಡಿಕೊಂಡು, ಮುಚ್ಚಳ ಸರಿಸಿ ಬ್ಯಾಟರಿಗೆ ಹದವಾಗಿ ಚುಚ್ಚಿದ.

ಗಾಳಿಯೇನೋ ಬಂತು. ಸುಂಯ್ ಎಂದು, ಉಗುರುಬಣ್ಣದಂಥ ಸಿಹಿ ನಾತದೊಡನೆ ಬಂತು. ಚಿಕ್ಕಹನುಮಂತಪ್ಪ ತಿಪ್ಪೇಶನ ಕಡೆ ತಿರುಗಿ ಮೀಸೆ ತೀಡಿದ. ಹಿಂದೆಯೇ ಹೊಗೆ ಬಂತು. ಹೊಗೆಯ ಬೆನ್ನಿಗೆ ಬೆಂಕಿ ಬಂತು. ವ್ಯಾಪಾರದ ಟವೆಲು ಹತ್ತಿಕೊಂಡಿತು. ಮೆಣಸಿನಕಾಯಿ ಮಾರುವವಳು ಕುಕ್ಕೆ ಎತ್ತಿಕೊಂಡು ಓಡಿದಳು. ಕೋಲಿನಿಂದ ಬ್ಯಾಟರಿಯನ್ನು ಕಿತ್ತು ಆಚೆಗೆಸೆದು, ಮಣ್ಣು ಎರಚಿ ಆರಿಸುವಷ್ಟರಲ್ಲಿ ಬಾಕ್ಸಿನ ಒಂದು ಕೆನ್ನೆ ಕರಗಿ ಸೊಟ್ಟಗಾಗಿತ್ತು.

“ನಿನ್ನ ಎತ್ತು ಹಂದಿ ಓಡಿಸಾದಿರ್ಲಿ, ನನ್ನ ಹೊಲಾನೇ ಸುಡ್ತೈತೆ,” ಎಂದು ತಿಪ್ಪೇಶ್ ಎದ್ದು ಹೋದ.

ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಗಿಡ್ಡಮ್ಮ.

“ಸಾವಂತ್ರಮ್ಮ ಶೆಡ್ಡಿಗೇ ಬಂದು ಕುಂತಾಳೆ. ನನ್ನ ಹೆಂಗಸ್ರಿಗೆಲ್ಲ ಎಲೆಅಡಿಕೆ ಹಂಚ್ಯಾಳೆ.”

ಚಿಕ್ಕಹನುಮಂತಪ್ಪನಿಗೆ ಬೆಂಕಿಗಿಂತ ಇದೇ ಜೋರಾಗಿ ತಾಕಿತು. ಗುಂಪಿನ ಯಜಮಾನಿ ಕೊಟ್ಟ ಎಲೆಅಡಿಕೆ ಬಾಯಿಗೆ ಬಿತ್ತೆಂದರೆ ಆ ಸುಗ್ಗಿಯ ಕೈಯೆಲ್ಲ ಅವಳದೇ. ಉಗಿದರೂ ಮಾತು ವಾಪಸು ಬರುವುದಿಲ್ಲ.

“ತಿಂದ್ರಾ?”

“ಇನ್ನೂ ಕೈಯಾಗೆ ಹಿಡ್ಕಂಡು ಕುಂತಾರೆ. ಬಾಕ್ಸು ಬರ್ಲಿ, ನೋಡಾನ ಅಂದಾರೆ. ಬ್ಯಾಟ್ರಿ ಹಾಕಿಸಿದ್ರೋ ಇಲ್ವೋ?”

“ಹಾಕ್ತಾ ಐದಾರೆ,” ಎಂದು ಓಡುತ್ತಲೇ ಹೇಳಿದ.

ಮಮತಾಗೆ ಮೊದಲು ನಾತ ತಲುಪಿತು, ಆಮೇಲೆ ಅವನು.

“ಮುಟ್ಟಬ್ಯಾಡ್ರಿ ಅಂದಿದ್ನಲ್ಲಣ್ಣ.”

“ಮುಟ್ಟಿಲ್ಲಮ್ಮ, ಚುಚ್ಚಿದೆ.”

ಅವಳು ಬಾಕ್ಸು ಇಸಿದುಕೊಂಡಳು. ತಂತಿ ತಾಕಿಸಿ ನೋಡಿದಳು. ಒಳಗಿನ ಜೀವ ಇನ್ನೂ ಇತ್ತು. ಚಿಕ್ಕಹನುಮಂತಪ್ಪ ದನಿ ತಗ್ಗಿಸಿದ. “ಯಾವುದಾದ್ರೂ ಹಳೇ ಬ್ಯಾಟ್ರಿ ಹಾಕು ತಾಯಿ. ಹೊತ್ತು ಮುಳುಗಾಗಂಟ ಕೂಗಿದ್ರೆ ಸಾಕು. ನಾಳೆ ಮಾರಿಬಿಡ್ತೀನಿ.”

“ಹಳೇದು ಹಾಕಿದ್ರೆ ಅದೂ ಉಬ್ಬತೈತೆ. ಬ್ಯಾಟ್ರಿ ಇಲ್ದಿದ್ರೆ ಗುಜರಿಯೋನು ತೂಕಕ್ಕೆ ತಗಂತಾನೆ. ಹೊಸದು ಹಾಕಿ ಮಾರಿದ್ರೆ ಹಾಕಿದ್ದೂ ಹುಟ್ಟಲ್ಲ. ಇಟ್ಕಳಾಕೆ ಹಾಕಿಸ್ತಾರಣ್ಣ ಬ್ಯಾಟ್ರಿನ. ಮಾರಾಕಲ್ಲ.”

ದಲ್ಲಾಳಿ ತಲೆ ಮೂರು ದಿಕ್ಕಿಗೂ ಓಡಿ ಬಂದಿತು. ಹೇಗೆ ಮಾರಿದರೂ ನಷ್ಟವೇ ಆಗುವಂಥ ಸರಕು ಅವನ ಬದುಕಿನಲ್ಲಿ ಇದೇ ಮೊದಲು. ಕಣ್ಣು ಮುಚ್ಚಿಕೊಂಡು, ಹಲ್ಲು ಕೀಳಿಸಿಕೊಳ್ಳುವವನ ಹಾಗೆ, ಗಿಡ್ಡಮ್ಮನ ದುಡ್ಡನ್ನು ಮೇಜಿನ ಮೇಲಿಟ್ಟ.

ಶೆಡ್ಡಿನಲ್ಲಿ ಹೆಂಗಸರು ಕೆಲಸ ಬಿಟ್ಟು, ಕೈಯಲ್ಲಿ ಎಲೆ ಹಿಡಿದು, ಮದುವೆಮನೆಗೆ ಬಂದ ನೆಂಟರ ಹಾಗೆ ಕೂತಿದ್ದರು. ಬೋರಲು ಹಾಕಿದ ಬುಟ್ಟಿಯ ಮೇಲೆ ಸಾವಂತ್ರಮ್ಮ, ಮಡಿಲಲ್ಲಿ ಎಲೆಅಡಿಕೆಯ ತಟ್ಟೆ. ಚಿಕ್ಕಹನುಮಂತಪ್ಪ ಬಾಕ್ಸಿಟ್ಟು ಗುಂಡಿ ಒತ್ತಿದ. ಕರಗಿದ ಕೆನ್ನೆಯಿಂದ ಹಾಡುಗಾರ್ತಿಯ ದನಿ ನೆಗಡಿ ಹಿಡಿದ ಕೋಣದಂತೆ ಹೊರಟಿತು.

“ಇದು ಹಾಡ್ತಾ ಐತೋ, ಎಮ್ಮೆ ಈಯ್ತಾ ಐತೋ?” ಎಂದಳು ಸಾವಂತ್ರಮ್ಮ.

“ಈದ್ರೆ ಗಿಣ್ಣು ನಿನಗೂ ಕೊಡ್ತೀನಿ, ಕುಂತ್ಕ,” ಎಂದಳು ಗಿಡ್ಡಮ್ಮ.

ಹೆಂಗಸರು ನಕ್ಕರು. ನಕ್ಕ ಬಿರುಸಿಗೆ ಸುನಿತಾ ಅನ್ನುವವಳ ಕಾಲು ತಾಳಕ್ಕೆ ಬಿತ್ತು, ಕೈ ಕತ್ತಿಯ ಕಡೆ ಹೋಯಿತು. ಸುಲಿಯಲು ಎರಡೂ ಕೈ ಬೇಕು. ಅವಳು ಎಲೆಯನ್ನು ಒಮ್ಮೆ ನೋಡಿ, ಸಾವಂತ್ರಮ್ಮನ ತಟ್ಟೆಗೆ ವಾಪಸು ಇಟ್ಟಳು. ಅವಳ ಹಿಂದೆ ಉಳಿದವರದೂ ಬಂತು. ಮೊದಲ ಬುಟ್ಟಿ ತುಂಬಿತು, ಕೋಣ ಹಾಡುತ್ತಲೇ ಇತ್ತು. ಟೀ ಬಂದು ಹೋಯಿತು, ಬಿಸಿಲು ಇಳಿಯಿತು, ಕೋಣ ಮಲಗಲಿಲ್ಲ.

ಸಾವಂತ್ರಮ್ಮ ತಟ್ಟೆ ಎತ್ತಿಕೊಂಡು ಚಿಕ್ಕಹನುಮಂತಪ್ಪನ ಹತ್ತಿರ ಬಂದಳು. “ನನ್ನ ಬಾಕ್ಸಿನ ಲೈಟೇ ಅರ್ಧ ಚಾರ್ಜು ಕುಡಿತೈತೆ, ಮಧ್ಯಾಹ್ನಕ್ಕೇ ಮಲಗ್ತೈತೆ. ಅದನ್ನ ನೀವಿಟ್ಕಳ್ರಿ, ಇದನ್ನ ನನಗೆ ಕೊಡ್ರಿ. ಮೇಲೊಂದಿಷ್ಟು ನಾನೇ ಕೊಡ್ತೀನಿ.”

ಇಂಥ ವ್ಯಾಪಾರ ಜನ್ಮಕ್ಕೊಂದು ಸಲ ಬರುತ್ತದೆ. ಚಿಕ್ಕಹನುಮಂತಪ್ಪನ ಬೆರಳುಗಳು ತಮ್ಮಷ್ಟಕ್ಕೇ ಕದಲಿದವು. ಅತ್ತ ಗಿಡ್ಡಮ್ಮ ತಲೆ ಎತ್ತಲಿಲ್ಲ. ಅವಳ ಕೈ ಮಾತ್ರ ಕತ್ತಿಯ ಮೇಲೆ ನಿಂತಿತು.

“ಮನೇಲಿ ಕೇಳಿ ಹೇಳ್ತೀನಿ,” ಎಂದ. ಸಂತೆಯಲ್ಲಿ ಗಿರಾಕಿ ಈ ಮಾತಾಡಿದರೆ ಅವನ ಗಂಡಸ್ತನವನ್ನೇ ಆಡಿಕೊಂಡು ಅಟ್ಟುತ್ತಿದ್ದವನು.

“ಬ್ಯಾಡಂತೆ ಅಂತ ಹೇಳ್ರಿ,” ಎಂದ ಗಿಡ್ಡಮ್ಮ ಮುಂದಿನ ಅಡಿಕೆಗೆ ಕೈ ಹಾಕಿದಳು.