ಹತ್ತನೇ ನಂಬರಿನ ಬೂಟು

ಪುಟ್ಟಸ್ವಾಮಿಯ ಕಾಲು ಕೆಟ್ಟದ್ದು ಕಬ್ಬಿನ ಕೂಳೆ ಚುಚ್ಚಿ ಅಲ್ಲ. ನಾನು ಕೊಟ್ಟ ಬೂಟಿನಿಂದ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಡಾಕ್ಟರ ಮುಂದೆ ಸುಳ್ಳು ಹೇಳಿದೆ — ಆ ಸುಳ್ಳನ್ನು ಇಪ್ಪತ್ತಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಅವನ ಮನೆಯಲ್ಲೇ ಉಂಡೆ.

ನಾನು ನಿಡಘಟ್ಟದ ಶಿವಣ್ಣ, ಮಾಜಿ ಹವಾಲ್ದಾರ. ಸೈನ್ಯದಲ್ಲಿದ್ದಷ್ಟು ದಿನ ಬಂದೂಕಿಗಿಂತ ಹೆಚ್ಚಾಗಿ ಹಿಡಿದದ್ದು ಸ್ಟೋರಿನ ಬೀಗದ ಕೈಯನ್ನು. ಅಕ್ಷರ ದುಂಡಗಿದೆ, ಕಾನೂನೂ ಒಂದಿಷ್ಟು ಗೊತ್ತು ಅಂತ ಮದ್ದೂರು, ಮಳವಳ್ಳಿ ಕಡೆಯ ಮಾಜಿ ಸೈನಿಕರು ಅಂಗವೈಕಲ್ಯ ಪಿಂಚಣಿಯ ಅರ್ಜಿ ಬರೆಸಲು ನನ್ನ ಜಗಲಿಗೇ ಬರುತ್ತಾರೆ. ಕಿವಿ ಹೋದವರು, ಬೆನ್ನು ಹೋದವರು, ಮಂಡಿ ಸವೆದವರು — ಎಷ್ಟೋ ಜನಕ್ಕೆ ಮಂಜೂರಾಗಿದೆ. ಅದರ ಜಂಭವೂ ನನಗೆ ಕಡಿಮೆಯಿರಲಿಲ್ಲ. ಪುಟ್ಟಸ್ವಾಮಿಯ ಅರ್ಜಿ ಮಾತ್ರ ನಾಲ್ಕು ಸಲ ಹೋಗಿ ನಾಲ್ಕು ಸಲವೂ ವಾಪಸು ಬಂತು. ಯಾಕೆ ಬಂತು ಅಂತ ಬಲ್ಲವನು ನಾನೊಬ್ಬನೇ.

ಪುಟ್ಟಸ್ವಾಮಿ ಚಿಕ್ಕರಸಿನಕೆರೆಯವನು. ಇಬ್ಬರೂ ಒಂದೇ ದಿನ ಭರ್ತಿಯಾದವರು. ಹಿಂದಿ ಅವನಿಗೆ ಕೊನೆಯವರೆಗೂ ಒಲಿಯಲಿಲ್ಲ, ಹಾಗಾಗಿ ಅವನ ನಾಲಿಗೆ ನಾನೇ ಆಗಿದ್ದೆ. ಆಳು ಎತ್ತರ, ಪಾದ ಇನ್ನೂ ದೊಡ್ಡದು — ಹನ್ನೊಂದನೇ ನಂಬರು. ನಮ್ಮನ್ನು ಹಿಮದ ಪೋಸ್ಟಿಗೆ ಹಾಕಿದ ವರ್ಷ, ಯಾರಿಗೆ ಯಾವ ನಂಬರಿನ ಬೂಟು ಬೇಕು ಅಂತ ಪಟ್ಟಿ ಮಾಡಿ ಕೆಳಗೆ ಕಳಿಸಬೇಕಾದವನು ನಾನು. ಇಸ್ಪೀಟಾಡುತ್ತ ದಿನ ಕಳೆದೆ. ನೆನಪಾಗುವ ಹೊತ್ತಿಗೆ ದಾರಿ ಹಿಮದಲ್ಲಿ ಮುಚ್ಚಿತ್ತು. ಇದ್ದದ್ದರಲ್ಲಿ ದೊಡ್ಡದು ಹತ್ತನೇ ನಂಬರು. ಅದನ್ನೇ ಅವನ ಕೈಗಿಟ್ಟೆ.

ಹಾಕಿ ನೋಡಿ, ಬೆರಳಿನ ಕಡೆ ಒತ್ತಿ ತೋರಿಸಿ, "ಬೆಳ್ಳು ಮುದುರ್ಕತವೆ ಕಣ್ಲಾ" ಅಂದ.

ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ, ಸುಮ್ಮನೆ ಅಡ್ಜಸ್ಟ್ ಮಾಡ್ಕೊ ಅಂತ ನಗಾಡಿ ಕಳಿಸಿದೆ. ಅವನು ಗಸ್ತಿಗೆ ಹೋದ. ಆರು ದಿನ. ವಾಪಸು ಬಂದಾಗ ಬೂಟು ಬಿಚ್ಚಲು ಇಬ್ಬರು ಬೇಕಾಯಿತು. ಬಲಗಾಲಿನ ಬೆರಳುಗಳು ಬಣ್ಣ ಕೆಟ್ಟು, ಬೊಕ್ಕೆ ಎದ್ದಿದ್ದವು.

ಡಾಕ್ಟರು ಪಾದ ತಿರುಗಿಸಿ ನೋಡಿ, ಬೂಟು ಅಳತೆಗೆ ಸರಿಯಾಗಿತ್ತಾ ಅಂತ ನನ್ನನ್ನೇ ಕೇಳಿದರು. ಆ ತಿಂಗಳು ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಪುಟ್ಟಸ್ವಾಮಿಯ ಅಂಗಾಲಿನಲ್ಲಿ ಒಂದು ಹಳೇ ಗಾಯದ ಗುರುತು ಕಣ್ಣಿಗೆ ಬಿತ್ತು. ನಮ್ಮ ಕಡೆ ಕಬ್ಬು ಕಡಿದ ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದ ಯಾರ ಕಾಲಲ್ಲಿ ಅದಿಲ್ಲ? ಕಡಿದ ಮೇಲೆ ನಿಂತ ಕೂಳೆ ಈಟಿಯ ಹಾಗಿರುತ್ತೆ. ಅಂಥದ್ದೇ ಗುರುತು ನನ್ನ ಬಲಗಾಲಲ್ಲೂ ಇತ್ತು — ಸರಿಯಾದ ಅಳತೆಯ ಬೂಟಿನೊಳಗೆ, ಬೆಚ್ಚಗೆ.

ನಾನು ಹಿಂದಿಯಲ್ಲಿ ಹೇಳಿದೆ: "ಬೂಟು ಸರಿಯಾಗಿತ್ತು ಸಾಹೇಬರೇ. ಈ ಕಾಲು ಚಿಕ್ಕಂದಿನಿಂದಲೂ ಹೀಗೇ. ಕಬ್ಬಿನ ಗದ್ದೆಯಲ್ಲಿ ಏಟಾದಾಗಿನಿಂದ ಜೋಮು ಹಿಡಿಯುತ್ತದಂತೆ."

ಡಾಕ್ಟರು ಬರೆದುಕೊಂಡರು. ಅವರಿಗೆ ಕಬ್ಬಿನ ಗದ್ದೆ ಗೊತ್ತಿಲ್ಲ, ನನ್ನನ್ನು ನಂಬಿದರು. ಪುಟ್ಟಸ್ವಾಮಿ ನನ್ನ ತೋಳು ಹಿಡಿದುಕೊಂಡು, ಏನಂದರು ಅಂತ ಕೇಳಿದ. ವಾಸಿ ಆಗುತ್ತಂತೆ ಬಿಡು ಅಂದೆ.

ಬೊಕ್ಕೆ ವಾಸಿಯಾಯಿತು. ಸ್ಪರ್ಶ ಮರಳಲಿಲ್ಲ. ನಿವೃತ್ತಿಯಾಗುವಾಗ ಅವನನ್ನು ಪರೀಕ್ಷಿಸಿದವರು ಹಳೇ ಕಡತ ತೆಗೆದು, ಅದೇ ಸಾಲು ನೋಡಿ, ಕಬ್ಬಿನ ಗದ್ದೆಯಲ್ಲಾದ ಗಾಯ, ಸೇನೆಗೆ ಸೇರುವ ಮೊದಲೇ ಇದ್ದ ತೊಂದರೆ, ಸೇವೆಯಿಂದ ಬಂದದ್ದಲ್ಲ ಅಂತ ಬರೆದರು. ಅಂಗವೈಕಲ್ಯ ಪಿಂಚಣಿಯೂ ಇಲ್ಲ, ಸೇವೆಯಲ್ಲಿ ಕಾಲು ಕೆಡಿಸಿಕೊಂಡವನು ಅನ್ನುವ ಮರ್ಯಾದೆಯೂ ಇಲ್ಲ. ಪ್ರತಿ ಸಲವೂ ಮೇಲ್ಮನವಿ ಬರೆದವನು ನಾನೇ. ಚಳಿಯ ಬಗ್ಗೆ ಬರೆದೆ, ಹಿಮದ ಬಗ್ಗೆ ಪುಟಗಟ್ಟಲೆ ಬರೆದೆ — ಬೂಟಿನ ಬಗ್ಗೆ, ನಾನು ಆಡಿದ ಮಾತಿನ ಬಗ್ಗೆ… ಇಲ್ಲ. ಅರ್ಜಿ ವಾಪಸು ಬಂದಾಗಲೆಲ್ಲ ಅವನೇ ನನ್ನನ್ನು ಸಮಾಧಾನ ಮಾಡುತ್ತಿದ್ದ. ಬರುವಾಗ ಮದ್ದೂರಿನಿಂದ ವಡೆ ಕಟ್ಟಿಸಿಕೊಂಡು ಬರುತ್ತಿದ್ದ. ನಾನು ತಿನ್ನುತ್ತಿದ್ದೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಪಕ್ಕದವರ ಆಲೆಮನೆಯಲ್ಲಿ ಬೆಲ್ಲದ ಒಲೆಯ ಹತ್ತಿರ ನಿಂತಿದ್ದ ಪುಟ್ಟಸ್ವಾಮಿಯ ಪಾದದ ಮೇಲೆ ಕೆಂಡ ಬಿತ್ತು. ಅವನಿಗೆ ಗೊತ್ತೇ ಆಗಲಿಲ್ಲ. ಸುಟ್ಟ ವಾಸನೆಗೆ ತಿರುಗಿ ನೋಡಿದವಳು ಹೆಂಡತಿ ಜಯಮ್ಮ. ಪಟ್ಟಿ ಕಟ್ಟಿದ ಕಾಲಲ್ಲೇ ಐದನೇ ಅರ್ಜಿ ಬರೆಸಲು ನನ್ನ ಜಗಲಿಗೆ ಬಂದ. ನಾನು ಪೆನ್ನು ತೆಗೆದೆ. ಅವನು ಕಾಲನ್ನೇ ನೋಡುತ್ತ ಹೇಳಿದ:

"ಯಾರ್ನ ಅಂದು ಏನ್ ಬಂತು? ನಮ್ಮಪ್ಪ ಒಂದ್ ಜೊತೆ ಎಕ್ಕಡ ಕೊಡ್ಸಿದ್ರೆ ನಂಗೀ ಗತಿ ಬತ್ತಿರ್ನಿಲ್ಲ ಕಣ್ಲಾ. ಬರಿಗಾಲಲ್ಲಿ ಗದ್ದೆಗೆ ಅಟ್ದ, ಪುಣ್ಯಾತ್ಮ."

ಸತ್ತು ಎಷ್ಟೋ ವರ್ಷವಾದ ಅಪ್ಪ. ಕೂಲಿ ಮಾಡಿ ಮಗನನ್ನು ಹತ್ತನೇ ಕ್ಲಾಸು ಓದಿಸಿದ ಅಪ್ಪ. ನನ್ನ ಸುಳ್ಳು ಕಾಗದದಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ — ವಾಪಸು ಬಂದ ಪ್ರತಿ ಕಾಗದದ ಜೊತೆಗೂ ಅದು ಅವನೊಳಗೇ ಹೊಕ್ಕಿತ್ತು, ಅವನು ಅದನ್ನು ನಂಬಿ, ಅಪ್ಪನನ್ನು ಮನಸ್ಸಲ್ಲೇ ಬೈದುಕೊಂಡು… ನನಗೆ ಅವತ್ತು ಒಂದಕ್ಷರ ಬರೆಯಲಾಗಲಿಲ್ಲ. ಪೆನ್ನಿನಲ್ಲಿ ಇಂಕಿಲ್ಲ ಅಂತ ಇನ್ನೊಂದು ಸುಳ್ಳು ಹೇಳಿ ಕಳಿಸಿದೆ.

ಮಾರನೆಯ ಬೆಳಿಗ್ಗೆ ಚಿಕ್ಕರಸಿನಕೆರೆಯ ಬಸ್ಸು ಹತ್ತಿದೆ. ಗಂಡಹೆಂಡಿರಿಬ್ಬರನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಇಸ್ಪೀಟು, ಪಟ್ಟಿ, ಬಡ್ತಿ, ಡಾಕ್ಟರು ಕೇಳಿದ ಪ್ರಶ್ನೆ, ನನ್ನ ಉತ್ತರ. ಯಾವುದನ್ನೂ ಬಿಡಲಿಲ್ಲ. ಮೊದಲು ಮಾತಾಡಿದವಳು ಜಯಮ್ಮ. "ನಮ್ ಮನೇಲಿ ಉಂಡೋಯ್ತಿದ್ರಲ್ಲ ಅಣ್ಣ, ಎಂಗೆ ಇಳೀತಿತ್ತು ಗಂಟ್ಲಲ್ಲಿ?"

ಪುಟ್ಟಸ್ವಾಮಿ ಗೋಡೆಯ ಮೇಲಿದ್ದ ಅಪ್ಪನ ಫೋಟೊ ನೋಡಿದ. ಬೈಯುತ್ತಾನೆ, ಹೊಡೆದರೂ ಹೊಡೆಸಿಕೊಳ್ಳಬೇಕು ಅಂತಲೇ ಹೋಗಿದ್ದೆ. ಅವನು ಕೇಳಿದ್ದು ಇಷ್ಟೇ:

"ಅಂಗಾರೆ ನಮ್ಮಪ್ಪಂದು ತಪ್ಪಿಲ್ಲ?"

ಇಲ್ಲ ಅಂದೆ. ಅವನು ಕಣ್ಣೊರೆಸಿಕೊಂಡ. ಆಮೇಲೆ, "ಬರಿ. ಈ ಸಲ ನೆಟ್ಟಗ್ ಬರಿ" ಅಂದ.

ಬರೆದೆ. ಮಂಡ್ಯದಲ್ಲಿ ವಕೀಲರ ಮುಂದೆ ಪ್ರಮಾಣಪತ್ರ ಮಾಡಿಸಿದೆ. ನಿಮಗೇ ತೊಂದರೆಯಾಗಬಹುದು, ಇನ್ನೊಮ್ಮೆ ಯೋಚಿಸಿ ಅಂತ ಅವರು ಎಚ್ಚರಿಸಿದರು, ಯೋಚಿಸಿದ್ದು ಸಾಕಾಗಿತ್ತು. ಹೋದ ವಾರ ನನ್ನ ವಿಳಾಸಕ್ಕೆ ಕಾಗದ ಬಂದಿದೆ: ಅರ್ಜಿ ತಿರಸ್ಕರಿಸಿಲ್ಲ, ಅವನನ್ನು ಹೊಸದಾಗಿ ಪರೀಕ್ಷಿಸುತ್ತಾರೆ, ಸಾಕ್ಷಿಯಾಗಿ ನಾನೂ ಬರಬೇಕು. ಇಷ್ಟು ವರ್ಷದಲ್ಲಿ ಅವನ ಹೆಸರಿಗೆ ಬಂದ ಮೊದಲ ಒಳ್ಳೆಯ ಕಾಗದ. ಫೋನಿನಲ್ಲಿ ಓದಿ ಹೇಳಿದೆ. ಎರಡು ಸಲ ಓದಿಸಿದ.

ಕ್ಷಮಿಸಿದ್ದೇನೆ ಅಂತ ಅವನು ಹೇಳಿಲ್ಲ, ನಾನೂ ಕೇಳಿಲ್ಲ. ಮಂಗಳವಾರ ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಸೇರುವುದು ಅಂತ ಮಾತಾಗಿದೆ. ಮೊದಲಿನ ಡಾಕ್ಟರ ಹಾಗೆ ಈ ಸಲ ಪರೀಕ್ಷಿಸುವವರಿಗೂ ಕಬ್ಬಿನ ಗದ್ದೆ ಗೊತ್ತಿರಲಿಕ್ಕಿಲ್ಲ. ಅವನ ಕಾಲು ನೋಡುವ ಮೊದಲು ನನ್ನ ಬಲಗಾಲಿನ ಚಪ್ಪಲಿ ಕಳಚಿ, ಅಂಗಾಲಿನ ಆ ಕೂಳೆಯ ಗುರುತು ತೋರಿಸುತ್ತೇನೆ. ಬೆರಳಿಂದ ಒತ್ತಿ ನೋಡಿ ಅನ್ನುತ್ತೇನೆ. ಒತ್ತಿದ್ದು ನನಗೆ ಗೊತ್ತಾಗುತ್ತೆ.