ನಲವತ್ತೆರಡನೆಯ ಚೀಲ

ಇದು ನಡೆದದ್ದು. ಚೀಲ ಇನ್ನೂ ಇದೆ, ನಂಬರ್ ಚೀಟಿ ಇದೆ, ಅದರ ಮೇಲೆ ನನ್ನ ಸಹಿಯೂ ಇದೆ. ಭರವಸೆ ಇಲ್ಲದಿರುವುದು ನನ್ನ ನೆನಪಿನ ಮೇಲೆ ಮಾತ್ರ. ಅದು ರಾತ್ರೋರಾತ್ರಿ ತನ್ನನ್ನು ತಾನೇ ಒಪ್ಪ ಮಾಡಿಕೊಳ್ಳುತ್ತದೆ.

ಮುದ್ದೇಬಿಹಾಳದ ಆಚೆ ಒಂದು ಕಂಪನಿಗೆ ಮಣ್ಣು ಸಂಗ್ರಹಿಸುವ ಕೆಲಸ ನನ್ನದು. ನೆಲದಡಿ ಬಂಗಾರವಿದ್ದರೆ ಮೇಲಿನ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸುಳಿವಿರುತ್ತದೆ. ಐವತ್ತು ಹೆಜ್ಜೆಗೊಂದು ಗುಂಡಿ, ಮೊಣಕೈ ಆಳ. ಆ ಮಣ್ಣನ್ನು ಒಣಗಿಸಿ, ಹಿಟ್ಟಿನ ಜರಡಿಗಿಂತ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಅರ್ಧ ಲ್ಯಾಬಿಗೆ ಕಳಿಸುತ್ತೇವೆ. ಉಳಿದರ್ಧವನ್ನು ಚೀಲಕ್ಕೆ ತುಂಬಿ, ದಾರ ಬಿಗಿದು, ಅರಗಿನ ಮುದ್ರೆ ಹಾಕಿ ಗೋದಾಮಿನಲ್ಲಿ ಇಡುತ್ತೇವೆ. ಲ್ಯಾಬಿನ ವರದಿ ನೋಡಿ, ಎಲ್ಲಿ ಆಳಕ್ಕೆ ಅಗೆಯಬೇಕೆಂದು ಮ್ಯಾನೇಜರ್ ಹೇಳುತ್ತಾರೆ.

ಸೋಸುತ್ತಿದ್ದವಳು ಶಿವವ್ವ. ಹೊಲವೂ ಅವಳ ಮನೆಯದೇ. ಜರಡಿ ಮುಟ್ಟುವ ಮುನ್ನ ಉಂಗುರ, ಓಲೆ ಎಲ್ಲ ತೆಗೆದಿಡಬೇಕು. ಮೈಮೇಲಿನ ಬಂಗಾರ ಚೂರು ಸವೆದು ಬಿದ್ದರೂ ವರದಿ ಕೆಡುತ್ತದೆ.

ನಲವತ್ತೆರಡನೆಯ ಗುಂಡಿಯ ಗುರುತು ಬಿದ್ದದ್ದು ಬೇವಿನ ಮರದಡಿ. ಶಿವವ್ವ ನನ್ನ ಕೈಯಿಂದ ಗುದ್ದಲಿ ಕಸಿದುಕೊಂಡಳು.

"ಅಲ್ಲಿ ಬ್ಯಾಡ್ರಿ ಸರ್. ಅಲ್ಲಿ ನಮ್ಮತ್ತಿ ಕುಂತಾಳ."

ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸುತ್ತ ವಿಭೂತಿ, ಪತ್ರಿ ತುಂಬಿ ಕುಳ್ಳಿರಿಸಿಯೇ ಮಣ್ಣು ಮಾಡುತ್ತಾರೆ.

"ಮೂಗುತಿ ತಿರುಪು ಬಿಗದು ಕುಂತಿತ್ರಿ, ಬರಲೇ ಇಲ್ಲ. ಹಂಗ ಕುಂಡ್ರಿಸಿದ್ವಿ. ಇದ್ದಾಗ ಒಂದು ಹಿಡಿ ಶೇಂಗಾ ಕೊಡಾಕ ಕೈ ಬರ್ತಿರಲಿಲ್ಲ ಆಕಿಗೆ, ನಿಮಗ ಮಣ್ಣು ಕೊಡ್ತಾಳೇನು?" ಶಿವವ್ವ ನಕ್ಕಳು. ಆಮೇಲೆ ನಗದೆ, "ಎಬ್ಬಿಸಬ್ಯಾಡ್ರಿ ಆಕಿನ್ನ," ಎಂದಳು.

ಗುರುತು ಬಿಟ್ಟರೆ ಬೈಗುಳ. ನಾನು ಈ ಕೆಲಸದವರೆಲ್ಲ ಗುಟ್ಟಾಗಿ ಮಾಡುವುದನ್ನೇ ಮಾಡಿದೆ. ನಲವತ್ತೊಂದರ ಗುಂಡಿಯಿಂದಲೇ ಇನ್ನೊಂದು ಚೀಲ ತುಂಬಿ ನಲವತ್ತೆರಡು ಎಂದು ಬರೆದೆ. ಕೆಂಪು ಮಣ್ಣು. ಶಿವವ್ವನೇ ಸೋಸಿದಳು. ಅವಳ ಬೆರಳು ಬರಿದಾಗಿದ್ದವು, ನೋಡಿದ್ದೇನೆ... ನೋಡಿದ್ದೇನೆ ಅಂದುಕೊಂಡಿದ್ದೇನೆ.

ವರದಿ ಬಂತು. ನಲವತ್ತೊಂದರಲ್ಲಿ ಏನೂ ಇಲ್ಲ. ನಲವತ್ತೆರಡರಲ್ಲಿ ಬಂಗಾರ.

ಒಂದೇ ಗುಂಡಿಯ ಮಣ್ಣು!

ದೀಪ ಹಚ್ಚುವ ಹೊತ್ತಿಗೆ ಮ್ಯಾನೇಜರ್ ಫೋನ್ ಮಾಡಿದರು. ಹೊಲ ಅಗೆಯಲು ಶಿವವ್ವನ ಗಂಡ ಎಂದೋ ಸಹಿ ಹಾಕಿಕೊಟ್ಟಿದ್ದ.

"ನಾಳೆ ಜೆಸಿಬಿ ಬರ್ತೈತಿ. ಆ ಮಣ್ಣು ಬೇವಿನ ಗಿಡದ ಬುಡದ್ದು ಹೌದಲ್ಲ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಹೌದಂದ್ರ ಮುಂದಿನ ವರ್ಷಾನೂ ನೀನೇ. ಸುಳ್ಳು ಬರದೀನಿ ಅಂದ್ರ ಮುಂಜಾನೆ ಸಿಂದಗಿ ಬಸ್ ಹತ್ತಿ ನಿಮ್ಮೂರಿಗೆ ನಡಿ. ಯೋಚನೆ ಮಾಡಿ ಹೇಳು."

ಗೋದಾಮಿನಲ್ಲಿ ನಲವತ್ತೆರಡರ ಉಳಿದರ್ಧ ಮಣ್ಣಿನ ಚೀಲವಿತ್ತು. ಅದನ್ನು ಕಣ್ಣಾರೆ ನೋಡಬೇಕೆನಿಸಿತು. ಬಾಗಿಲು ತೆಗೆಯುತ್ತಲೇ ಕರೆಂಟ್ ಹೋಯಿತು. ಜೀಪಿನ ಡ್ರೈವರ್ ರಫೀಕ್ ಮೊಬೈಲ್ ಬೆಳಕು ಹಿಡಿದು ನಿಂತ. ಅರಗು ಒಡೆದಿರಲಿಲ್ಲ. ನಾನೇ ಒಡೆದೆ. ದಾರ ಬಿಚ್ಚಿದೆ...

ಒಳಗಿದ್ದದ್ದು ಕಪ್ಪು ಮಣ್ಣು.

ತಣ್ಣಗಿತ್ತು. ಒಣ ಪತ್ರಿಯ ವಾಸನೆ ಮೆಲ್ಲಗೆ ಮೇಲೆದ್ದಿತು.

"ಸರ್," ರಫೀಕ್ ಪಿಸುಗುಟ್ಟಿದ, "ಯಾರರ ವಿಭೂತಿ ಹಚ್ಕೊಂಡು ಬಂದಾರೇನ್ರಿ?"

"ಯಾರೂ ಇಲ್ಲೋ."

"ಮತ್ತ ಈಗ ಕೆಮ್ಮಿದವರು ಯಾರು?"

ನನಗೆ ಕೆಮ್ಮು ಕೇಳಿರಲಿಲ್ಲ. ಮಣ್ಣನ್ನು ತಟ್ಟೆಗೆ ಸುರಿದೆ. ಸುರ್ರೆನ್ನುವ ಸದ್ದಿನ ನಡುವೆ ಒಂದೇ ಒಂದು ಸಲ... ಟಿಕ್.

ಬೆರಳಾಡಿಸಿದೆ. ಸಿಕ್ಕಿದ್ದು ಮೂಗುತಿಯ ತಿರುಪು.

ಆ ಜರಡಿಯಲ್ಲಿ ಸಾಸಿವೆ ಕಾಳೂ ದಾಟುವುದಿಲ್ಲ. ನಾನು ಮರೆತು ಮರದಡಿಯೇ ಅಗೆದಿದ್ದೆ ಅಂತಲೇ ಇಟ್ಟುಕೊಳ್ಳಿ. ನಮ್ಮ ಗುಂಡಿ ಮೊಣಕೈ ಆಳ, ಮುದುಕಿ ಕುಳಿತದ್ದು ಆಳುದ್ದ ಕೆಳಗೆ.

"ಈಗಿಂದೀಗ ಫೋನ್ ಹಚ್ರಿ ಸರ್," ಎಂದ ರಫೀಕ್, ನಾನು ನಡೆದದ್ದೆಲ್ಲ ಹೇಳಿದ ಮೇಲೆ. "ಸುಳ್ಳು ಬರದೀನಿ ಅಂತ ಹೇಳಿಬಿಡ್ರಿ. ನೌಕರಿ ಹ್ವಾದ್ರ ಹೋಗ್ಲಿ."

ಮುಂಜಾನೆ ಫೋನ್ ಹಚ್ಚಿದೆ. "ಹೌದ್ರಿ ಸರ್, ಗಿಡದ ಬುಡದ್ದ," ಎಂದೆ. ಇಡೀ ಸಂಗತಿಯಲ್ಲಿ ನನಗೆ ಅನುಮಾನವೇ ಇಲ್ಲದ ನೆನಪು ಇದೊಂದೇ.

ಮುದುಕಿಯನ್ನು ಎಬ್ಬಿಸಿದರು. ಕುಳಿತಂತೆಯೇ ಇದ್ದಳು. ಶಿವವ್ವ ಅಳಲಿಲ್ಲ. ಹೊಸ ಸೀರೆಯಲ್ಲಿ ಸುತ್ತಿ ಬದುವಿನ ಆಚೆ ಕುಳ್ಳಿರಿಸುವ ಮುನ್ನ ಬಾಗಿ ನೋಡಿದಳು.

"ಮೂಗುತಿ ಐತಿ. ತಿರುಪು ಎಲ್ಲಿ ಹ್ವಾತು?"

ಸಂಜೆಯವರೆಗೆ ನಮ್ಮದೇ ಜರಡಿ ಹಿಡಿದು ಆ ಗುಂಡಿಯ ಮಣ್ಣನ್ನೆಲ್ಲ ಸೋಸಿದಳು. ತಿರುಪು ನನ್ನ ಅಂಗಿಯ ಜೇಬಿನಲ್ಲಿತ್ತು. ಕೊಟ್ಟರೆ ಎಲ್ಲಿ ಸಿಕ್ಕಿತೆಂದು ಹೇಳಬೇಕಿತ್ತು. ನಾನು ಪಕ್ಕದಲ್ಲಿ ನಿಂತು ಹುಡುಕಿದಂತೆ ಮಾಡಿದೆ.

ಅಲ್ಲಿ ಬಂಗಾರ ಸಿಗಲಿಲ್ಲ. ಆಳಕ್ಕೆ ಹೋದಷ್ಟೂ ಬರೀ ಕಲ್ಲು. ಮ್ಯಾನೇಜರ್ ಲ್ಯಾಬಿನವರನ್ನು ಬೈದು ಸುಮ್ಮನಾದರು. ನನ್ನ ಕೆಲಸ ಉಳಿಯಿತು. ರಫೀಕ್ ಬಿಟ್ಟುಹೋದ.

ಮೊನ್ನೆ ನನ್ನ ಡೈರಿ ತೆಗೆದು ನೋಡಿದೆ. ನಲವತ್ತೆರಡರ ಮುಂದೆ, ನನ್ನದೇ ಅಕ್ಷರದಲ್ಲಿ: ಕಪ್ಪು ಮಣ್ಣು. ಕೆಂಪು ಎಂದು ಬರೆದಿದ್ದೆ. ಬರೆದಿದ್ದೆನಲ್ಲ?

ಶಿವವ್ವ ಈಗಲೂ ಸೋಸಲು ಬರುತ್ತಾಳೆ. ಓಲೆ ತೆಗೆದಿಡುತ್ತಾ ಪ್ರತಿ ದಿನ ಅದನ್ನೇ ಕೇಳುತ್ತಾಳೆ, "ಸಿಕ್ತೇನ್ರಿ ಸರ್?"

"ಇಲ್ಲ ಬೇ," ಎನ್ನುತ್ತೇನೆ.

ಬೆನ್ನ ಹಿಂದೆ ಯಾರೋ ಕೆಮ್ಮುತ್ತಾರೆ. ಈಗ ನನಗೂ ಕೇಳುತ್ತದೆ.